ಮೇಜಿನ ಮೇಲೆ ದಂಡಯಾತ್ರೆ

ಇತಿಹಾಸದಲ್ಲಿ ನಿಜವಾಗಿ ನಡೆದ ದಂಡಯಾತ್ರೆಯೊಂದನ್ನು ನಕ್ಷೆ, ರಟ್ಟಿನ ಬಿಲ್ಲೆ, ದಾಳ ಹಾಗೂ ನಿಯಮಗಳ ಒಂದು ಹೊತ್ತಗೆಯ ನೆರವಿನಿಂದ ಮೇಜಿನ ಮೇಲೆ ಮತ್ತೆ ನಡೆಸುವ ಆಟಕ್ಕೆ ವಾರ್‌ಗೇಮ್, ಅಂದರೆ ಸಮರಕ್ರೀಡೆ, ಎಂದು ಹೆಸರು. ಇದರ ಮೂಲ ಚದುರಂಗದಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಸ್ಥಾನ ಪಡೆದ ಆ ಆಟಕ್ಕೆ ಇಂದು ಚೆನ್ನೈ ತವರಿನಂತಿದೆ. 1972ರಲ್ಲಿ ಅಲ್ಲಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಆರಂಭವಾದ ಮಿಖಾಯಿಲ್ ತಾಲ್ ಕ್ಲಬ್ಬಿನಲ್ಲಿ ವಿಶ್ವನಾಥನ್ ಆನಂದ್ ಪಳಗಿದರು. 2022ರ ಚೆಸ್ ಒಲಿಂಪಿಯಾಡ್ ನಗರಕ್ಕೆ ಸಮೀಪದ ಮಾಮಲ್ಲಪುರದಲ್ಲೇ ನಡೆಯಿತು. ಆದರೆ ಯೂರೋಪಿನ ಯುದ್ಧವೊಂದು ಇದೇ ನಗರದ ನೆಲದ ಮೇಲೂ ನಡೆದಿದೆ, ಅದನ್ನು ಅರಿಯಲು ಚದುರಂಗದ ಹಾಸು ಸಾಲದು.

ಚದುರಂಗದ 64 ಮನೆಗಳಲ್ಲಿ ಹೊಳೆಯಿಲ್ಲ, ಗುಡ್ಡವಿಲ್ಲ, ಕತ್ತಲಾಗುವುದಿಲ್ಲ, ಕಾಲಾಳಿಗೆ ಹಸಿವಾಗುವುದಿಲ್ಲ. ಎದುರಾಳಿಯ ಆನೆ ಎಲ್ಲಿ ನಿಂತಿದೆ ಎಂಬುದು ಯಾವಾಗಲೂ ಕಣ್ಣಿಗೆ ಬೀಳುತ್ತದೆ. ಈ ಕೊರತೆಯನ್ನು ತುಂಬಲು ಜರ್ಮನಿಯ ಬ್ರನ್ಸ್‌ವಿಕ್‌ನ ಗಣಿತದ ಮೇಷ್ಟ್ರು ಹೆಲ್‌ವಿಗ್ 1780ರಲ್ಲಿ 1,617 ಮನೆಗಳ ಹಾಸೊಂದನ್ನು ಹೂಡಿ, ಬೆಟ್ಟ, ನೀರು, ಜೌಗುಗಳನ್ನು ಮನೆಗಳ ಬಣ್ಣದಿಂದ ಸೂಚಿಸಿದ. ಆದರೂ ಅದು ಹಿಗ್ಗಿದ ಚದುರಂಗವೇ ಆಗಿತ್ತು. ನಿಜವಾದ ಜಿಗಿತ ಬಂದದ್ದು ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತಂದೆ ಮಗನಿಂದ. ತಂದೆ 1812ರಲ್ಲಿ ದೊರೆಗೆ ಒಪ್ಪಿಸಿದ ಮೇಜಿನ ಮೇಲೆ ನೆಲವನ್ನೇ ಅಚ್ಚು ಹೊಯ್ದ ತುಂಡುಗಳನ್ನು ಜೋಡಿಸಬಹುದಿತ್ತು. ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಮನೆಗಳನ್ನೇ ಕಿತ್ತುಹಾಕಿ, ಒಂದಕ್ಕೆ 8,000 ಪ್ರಮಾಣದ ನಿಜವಾದ ಭೂಪಟವನ್ನು ಹರಡಿ, ಪ್ರತಿ ಸರದಿಗೂ ಎರಡು ನಿಮಿಷದ ಯುದ್ಧಕಾಲವನ್ನು ಗೊತ್ತುಮಾಡಿದ. ಇಬ್ಬರು ಸೇನಾಪತಿಗಳ ಅಪ್ಪಣೆಗಳನ್ನೂ ಕೇಳಿ, ಯಾರಿಗೆ ಏನು ಕಾಣಿಸಬೇಕು ಎಂಬುದನ್ನು ನಿರ್ಧರಿಸುವ ತೀರ್ಪುಗಾರನೊಬ್ಬ ಮಧ್ಯದಲ್ಲಿ ಕೂತ. ಗುಂಡಿನ ಫಲವನ್ನು ದಾಳದ ಗರ ಹೇಳಿತು. ಕ್ರೀಗ್‌ಷ್ಪೀಲ್ ಎಂದು ಕರೆಯಲಾದ ಈ ಪದ್ಧತಿಯನ್ನು, 1870–71ರಲ್ಲಿ ಪ್ರಷ್ಯಾ ಫ್ರಾನ್ಸನ್ನು ಸೋಲಿಸಿದ ಮೇಲೆ, ಹೊರದೇಶಗಳ ಸೇನೆಗಳೂ ಕೈಗೆತ್ತಿಕೊಂಡವು.

ಈ ಆಟವನ್ನು ಮನೆಮನೆಯ ಮೇಜಿಗೆ ತಂದವನು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್. 1954ರಲ್ಲಿ ಮೊದಲ ಆಟವನ್ನು ಮಾರುಕಟ್ಟೆಗೆ ಬಿಟ್ಟ ಆತನ ಅವಲಾನ್ ಹಿಲ್ ಸಂಸ್ಥೆ 1961ರಿಂದ ನಕ್ಷೆಗಳ ಮೇಲೆ ಜೇನುಗೂಡಿನಂಥ ಆರು ಮೂಲೆಯ ಮನೆಗಳನ್ನು ಅಚ್ಚುಮಾಡಿತು, ಏಕೆಂದರೆ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಹಾದಿ ನೇರ ಹಾದಿಗಿಂತ ಉದ್ದವಾಗುತ್ತದೆ, ಷಟ್ಕೋನದಲ್ಲಿ ಆ ತೊಡಕಿಲ್ಲ. ಅರ್ಧ ಅಂಗುಲ ಅಗಲದ ಒಂದು ಬಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಆಟದ ಒಳಗುಟ್ಟು ತಿಳಿಯುತ್ತದೆ. ನಡುವೆ ಗುಣಾಕಾರದ ಗುರುತಿರುವ ಚೌಕಟ್ಟಿದ್ದರೆ ಅದು ಕಾಲ್ದಳ, ಒಂದೇ ಓರೆಗೆರೆ ಇದ್ದರೆ ಕುದುರೆ ದಳ. ಕೆಳಗಿನ ಎಡಗಡೆಯ ಅಂಕೆ ಬಲವನ್ನೂ ಬಲಗಡೆಯದು ಒಂದು ಸರದಿಯಲ್ಲಿ ದಾಟಬಹುದಾದ ಮನೆಗಳನ್ನೂ ಹೇಳುತ್ತದೆ. ಹೊಳೆ ದಾಟಲು, ಕಾಡು ನುಗ್ಗಲು ಆ ನಡೆಯ ಗಂಟಿನಿಂದ ಹೆಚ್ಚು ತೆರಬೇಕು. ಎರಡು ಪಡೆಗಳು ಕೈಕೈ ಮಿಲಾಯಿಸಿದಾಗ ಎರಡೂ ಬಲಗಳ ಪ್ರಮಾಣ ಕಟ್ಟಿ, ದಾಳ ಉರುಳಿಸಿ, ಫಲಿತಾಂಶದ ಪಟ್ಟಿಯಲ್ಲಿ ಯಾರು ಹಿಮ್ಮೆಟ್ಟಿದರು, ಯಾರು ಅಳಿದರು ಎಂಬುದನ್ನು ನೋಡಲಾಗುತ್ತದೆ. ಬಿಲ್ಲೆಯ ಮೇಲಿನ ಅಂಕೆಗಳು ಲೆಕ್ಕದಂತೆ ಕಂಡರೂ ನಿಜದಲ್ಲಿ ಅವು ಆಟ ಹೂಡಿದವನ ಅಭಿಪ್ರಾಯಗಳು. ಈ ಮಾತಿಗೆ ಚೆನ್ನೈನ ಅಡಯಾರ್ ಹೊಳೆಯ ದಡದಲ್ಲಿ ನಡೆದ ಕದನಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆಸ್ಟ್ರಿಯಾದ ಸಿಂಹಾಸನ ಯಾರಿಗೆ ಸಲ್ಲಬೇಕೆಂಬ ಯೂರೋಪಿನ ಜಗಳ ಕೋರಮಂಡಲದ ಕರಾವಳಿಗೂ ಹಬ್ಬಿ, 1746ರ ಸೆಪ್ಟೆಂಬರಿನಲ್ಲಿ ಫ್ರೆಂಚರ ಲಾ ಬೂರ್ದೊನೆ ಮದರಾಸಿನಲ್ಲಿದ್ದ, ಅಂದರೆ ಇಂದಿನ ಚೆನ್ನೈನಲ್ಲಿದ್ದ, ಇಂಗ್ಲಿಷರ ಸೇಂಟ್ ಜಾರ್ಜ್ ಕೋಟೆಯನ್ನು ಹಿಡಿದ. (ಕನ್ನಡ ನಾಡು ದೂರವೇ ಉಳಿದಿದ್ದರೂ ಚರಿತ್ರೆ ಇದನ್ನು ಕರ್ನಾಟಿಕ್ ಯುದ್ಧವೆನ್ನುತ್ತದೆ.) ಮದರಾಸು ತನಗೆ ಸಲ್ಲಬೇಕೆಂದ ಆರ್ಕಾಟಿನ ನವಾಬ ಅನ್ವರುದ್ದೀನನ ಮಗ ಮಹಫೂಜ್ ಖಾನ್ ಸುಮಾರು 10,000 ಮಂದಿಯೊಡನೆ ಅಡಯಾರಿನ ಬಡಗಣ ದಡವನ್ನು ಅಡ್ಡಗಟ್ಟಿ ನಿಂತ. ಪಾಂಡಿಚೇರಿಯ ಕಡೆಯಿಂದ ಬಂದ ಪರಾದಿ ಎಂಬ ಸ್ವಿಸ್ ಅಧಿಕಾರಿಯ ಕೈಯಲ್ಲಿ ಸಿಪಾಯಿಗಳೂ ಸೇರಿ ಇದ್ದವರು ಸಾವಿರದ ಆಸುಪಾಸು. ಆತ ಹೊಳೆಯನ್ನು ಹಾಯ್ದು, ಸಾಲುಗುಂಡು ಹಾರಿಸಿ, ಬಂದೂಕಿನ ತುದಿಯ ಈಟಿ ಚಾಚಿ ನುಗ್ಗಿದೊಡನೆ ಎದುರುಪಡೆ ಸಾಂಥೋಮಿನ ಬೀದಿಗಳಿಗೆ ಚದುರಿತು. ತಲೆಯೆಣಿಕೆಯೊಂದನ್ನೇ ನಂಬಿ ಆಟ ಹೂಡಿದರೆ ಫ್ರೆಂಚರು ಪ್ರತಿ ಸಲವೂ ಸೋಲುತ್ತಾರೆ. ಆದ್ದರಿಂದ ಕವಾಯತಿಗೆ, ಗುಂಡು ತುಂಬುವ ವೇಗಕ್ಕೆ, ಸಾಲು ಒಡೆಯದೆ ನಿಲ್ಲುವ ಎದೆಗಾರಿಕೆಗೆ ಬೇರೆ ಅಂಕೆ ಕೊಡಬೇಕಾಗುತ್ತದೆ. ಎಷ್ಟು ಕೊಡಬೇಕು ಎಂಬುದರಲ್ಲೇ ಇತಿಹಾಸದ ವಾದವೆಲ್ಲ ಅಡಗಿದೆ. 1748ರ ಒಪ್ಪಂದದಲ್ಲಿ ಉತ್ತರ ಅಮೆರಿಕದ ಲೂಯಿಬೂರ್ ಕೋಟೆಗೆ ಬದಲಾಗಿ ಮದರಾಸು ಇಂಗ್ಲಿಷರಿಗೆ ಮರಳಿತು, ಒಂದು ಕಾಯಿ ಕೊಟ್ಟು ಇನ್ನೊಂದನ್ನು ಪಡೆದ ಹಾಗೆ. ಅಷ್ಟರಲ್ಲಿ, ಈಗ ಹೈಕೋರ್ಟು ನಿಂತಿರುವ ಕಡೆ ಕೋಟೆಯ ಗೋಡೆಗೆ ತಾಗಿದ್ದ ಬ್ಲ್ಯಾಕ್ ಟೌನಿನ ಬಹಳಷ್ಟು ಮನೆಗಳನ್ನು ಫ್ರೆಂಚರು ಕೆಡವಿದ್ದರು. ಆ ಮನೆಯವರಿಗೆ ಯಾವ ಆಟದಲ್ಲೂ ಬಿಲ್ಲೆ ಇರುವುದಿಲ್ಲ, ಇದು ಈ ಕಲೆಯ ದೊಡ್ಡ ಕುರುಡು.

ಬಲಗಡೆಯ ಅಂಕೆಯ, ಅಂದರೆ ವೇಗದ, ಬೆಲೆಯನ್ನು ಇದೇ ನಗರಕ್ಕೆ ತೋರಿಸಿಕೊಟ್ಟವನು ಹೈದರ್ ಅಲಿ. ಇಂಗ್ಲಿಷರ ಕರ್ನಲ್ ಸ್ಮಿತ್‌ನ ಕಾಲ್ದಳವನ್ನು ದೂರಕ್ಕೆ ಸೆಳೆದು, 1769ರ ಮಾರ್ಚಿನಲ್ಲಿ ಸುಮಾರು 6,000 ಸವಾರರೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ಕ್ರಮಿಸಿ ಆತ ನಗರದ ಪರಂಗಿಮಲೆಯ, ಅಂದರೆ ಸೇಂಟ್ ಥಾಮಸ್ ಮೌಂಟಿನ, ಬಳಿ ಪ್ರತ್ಯಕ್ಷನಾದನೆಂದು ಇತಿಹಾಸಕಾರರು ಬರೆದಿದ್ದಾರೆ. ಕೋಟೆಯ ಮೇಲೆ ಒಂದು ಗುಂಡನ್ನೂ ಹಾರಿಸದೆ, ಏಪ್ರಿಲಿನಲ್ಲಿ ಆತ ತನಗೆ ಬೇಕಾದ ಕೌಲಿಗೆ ಮದರಾಸಿನ ಸರ್ಕಾರದ ಸಹಿ ಪಡೆದ. ಬಲದ ಅಂಕೆಯನ್ನು ಬಳಸದೆಯೇ ನಡೆಯ ಅಂಕೆಯಿಂದ ಆಟ ಮುಗಿಸಿದ ಈ ದಂಡಯಾತ್ರೆ ಮೇಜಿನ ಮೇಲೆ ಹೂಡುವುದಕ್ಕೆ ಅಡಯಾರಿಗಿಂತಲೂ ಸೊಗಸಾದದ್ದು. ಭೂಸೇನೆಯ ಅಧಿಕಾರಿಗಳ ತರಬೇತಿ ಅಕಾಡೆಮಿ 1963ರಿಂದ ಇರುವುದೂ ಅದೇ ಪರಂಗಿಮಲೆಯ ಬಳಿ. ಸೈನ್ಯದಲ್ಲಿ ಎಳೆಯ ಅಧಿಕಾರಿಗಳು ಇಂದಿಗೂ ಮರಳಿನಲ್ಲಿ ಗುಡ್ಡ, ಹೊಳೆ, ಹಳ್ಳಿಗಳನ್ನು ಕಟ್ಟಿ, ಸುತ್ತ ನಿಂತು, ಕಡ್ಡಿಯ ತುದಿಯಿಂದ ದಾಳಿಯ ಹಾದಿಯನ್ನು ಎಳೆಯುತ್ತಾರೆ.