ಪೈರು ನಿಂತಿರುವಾಗಲೇ ಫಸಲಿನ ಲೆಕ್ಕ

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ "ಈ ವರ್ಷ ಬೆಳೆ ಹೇಗೆ?" ಎಂದು ಕೇಳಿದರೆ "ಹತ್ತಾಣೆ" ಎಂದೋ "ಆರಾಣೆಯೂ ಇಲ್ಲ" ಎಂದೋ ಉತ್ತರ ಬರುತ್ತಿತ್ತು. ಹದಿನಾರಾಣೆ ಎಂದರೆ ತುಂಬು ಫಸಲು. ಶಾನುಭೋಗರು ಹೊಲದ ಬದುವಿನ ಮೇಲೆ ನಿಂತು, ಕಣ್ಣಳತೆಯಿಂದಲೇ ಪೈರನ್ನು ನೋಡಿ, ಇಷ್ಟಾಣೆ ಎಂದು ಬರೆದುಕೊಂಡರೆ ಸರ್ಕಾರಕ್ಕೆ ಅದೇ ಲೆಕ್ಕ. ತುಂಬು ಫಸಲೆಂದರೆ ಎಷ್ಟು ಎಂಬುದನ್ನು ತೂಗಿ ನೋಡಿದವರು ಯಾರೂ ಇರಲಿಲ್ಲ. ಮೇಲಾಗಿ ಕಂದಾಯದ ಮಾಫಿಯು ಈ ಆಣೆಯನ್ನೇ ನೆಚ್ಚಿಕೊಂಡಿದ್ದುದರಿಂದ ರೈತನಿಗೆ ಆಣೆ ಇಳಿಯಬೇಕು, ಮೇಲಿನ ಅಧಿಕಾರಿಗೆ ಏರಬೇಕು. ನಡುವೆ ನಿಂತ ಶಾನುಭೋಗರ ಕಣ್ಣು ಯಾವ ಕಡೆಗೆ ವಾಲುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕೊಯ್ಲಿಗೆ ಮುಂಚೆಯೇ ಫಸಲನ್ನು ಎಣಿಸುವ ಈ ವಿದ್ಯೆ ಈಗ ಬಹಳ ದೂರ ಸಾಗಿ ಬಂದಿದೆ. ಅದು ರೈತನಿಗೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿ ಸೋಯಾ ಎಣ್ಣೆಯಿದ್ದರೆ ಅದರ ಬಹುಪಾಲು ಹಡಗಿನಲ್ಲಿ ಬಂದದ್ದು. ಅದರಲ್ಲಿಯೂ ಅರ್ಜೆಂಟೈನ, ಬ್ರೆಜಿಲ್ ದೇಶಗಳದೇ ಹೆಚ್ಚು. ಮಕ್ಕಳು ತಿನ್ನುವ ಮೊಟ್ಟೆಯನ್ನಿಡುವ ಕೋಳಿಗೆ ಮುಸುಕಿನ ಜೋಳವೂ ಸೋಯಾ ಹಿಂಡಿಯುಮೇ ಆಹಾರ. ಈ ಎರಡು ಧಾನ್ಯಗಳ ಬೆಲೆಯನ್ನು ಜಗತ್ತಿನಾದ್ಯಂತ ಅಲುಗಾಡಿಸತಕ್ಕ ಒಂದು ಅಂಕಿಯು ತಿಂಗಳಿಗೊಮ್ಮೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಒಂದು ಮುಚ್ಚಿದ ಕೋಣೆಯಿಂದ ಹೊರಬೀಳುತ್ತದೆ. ಅಲ್ಲಿ ನಡುಹಗಲು ಹನ್ನೆರಡು ಗಂಟೆ. ಬೇಸಗೆಯ ದಿನಗಳಲ್ಲಾದರೆ ನಮ್ಮಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತು.

ಆ ಕೋಣೆ ಮುಚ್ಚಿರುವುದಕ್ಕೆ ಒಂದು ಕಥೆಯುಂಟು. ಅಧ್ಯಕ್ಷ ಲಿಂಕನ್ನನ ಕಾಲದಲ್ಲಿ, 1862ರಲ್ಲಿ, ಅಲ್ಲಿಯ ವ್ಯವಸಾಯ ಇಲಾಖೆ ಹುಟ್ಟಿತು. ಮರುವರ್ಷವೇ ಊರೂರಿನ ರೈತರಿಂದ ಕಾಗದ ತರಿಸಿಕೊಂಡು ಬೆಳೆಯ ಮಾಸಿಕ ವರದಿಗಳನ್ನು ಪ್ರಕಟಿಸಲಾರಂಭಿಸಿದರು. ಧಾನ್ಯದ ಸಟ್ಟಾ ವ್ಯಾಪಾರ ಬೆಳೆದಂತೆಲ್ಲ, ವರದಿಯನ್ನು ಇತರರಿಗಿಂತ ಒಂದು ಗಳಿಗೆ ಮುಂಚೆ ತಿಳಿದವನಿಗೆ ಲಕ್ಷಾಂತರ ಲಾಭವೆಂಬುದೂ ಕಂಡುಬಂತು. 1905ರಲ್ಲಿ ಆ ಇಲಾಖೆಯ ಎಡ್ವಿನ್ ಹೋಮ್ಸ್ ಎಂಬ ಸಂಖ್ಯಾಶಾಸ್ತ್ರದ ಅಧಿಕಾರಿ ಹತ್ತಿಯ ಬೆಳೆಯ ಅಂದಾಜನ್ನು ಮೊದಲೇ ದಲ್ಲಾಳಿಗಳಿಗೆ ತಿಳಿಸುತ್ತಿದ್ದನೆಂಬುದು ಬಯಲಾಯಿತು. ಕಚೇರಿಯ ಕಿಟಕಿಯ ಪರದೆಯನ್ನು ಇಷ್ಟು ಎತ್ತರಕ್ಕೆ ಏರಿಸಿದರೆ ಬೆಳೆ ಹೆಚ್ಚು, ಇಷ್ಟು ತಗ್ಗಿಸಿದರೆ ಕಡಮೆ ಎಂದು ಬೀದಿಯಲ್ಲಿ ನಿಂತವನಿಗೆ ಸಂಜ್ಞೆ ಮಾಡುತ್ತಿದ್ದನೆಂದು ಜನ ಈಗಲೂ ಹೇಳುತ್ತಾರೆ. ಹೋಮ್ಸನು ಕೆಲಸ ಕಳೆದುಕೊಂಡನು. ಅವನ ಮೇಲಧಿಕಾರಿಯೂ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ, ಒಬ್ಬನ ಕೈಯಲ್ಲಿ ಅಂಕಿಯನ್ನು ಬಿಡಬಾರದೆಂದು, ಹಲವರು ಕೂಡಿ ನಿರ್ಣಯಿಸುವ ಒಂದು ಮಂಡಲಿಯನ್ನು ನೇಮಿಸಿದರು.

ಅಂದಿನಿಂದ ಕಟ್ಟುನಿಟ್ಟು ಹೆಚ್ಚುತ್ತಲೇ ಬಂದಿತು. ಮುಖ್ಯ ಪ್ರಾಂತಗಳಿಂದ ಬಂದ ಲಕೋಟೆಗಳನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿಟ್ಟು, ಒಂದು ಬೀಗದ ಕೈ ಮಂತ್ರಿಯ ಕಚೇರಿಯಲ್ಲಿಯೂ ಇನ್ನೊಂದು ಮಂಡಲಿಯ ಅಧ್ಯಕ್ಷನಲ್ಲಿಯೂ ಇರುವಂತೆ ಮಾಡಿದ್ದುಂಟು. ಈಗಲೂ ವರದಿಯ ದಿನ ಕಿಟಕಿಗಳನ್ನು ಮುಚ್ಚಿ ಮುದ್ರೆ ಹಾಕುತ್ತಾರೆ, ಟೆಲಿಫೋನು ಮತ್ತು ಕಂಪ್ಯೂಟರುಗಳ ಹೊರಸಂಪರ್ಕವನ್ನು ಕತ್ತರಿಸುತ್ತಾರೆ, ಬಾಗಿಲಲ್ಲಿ ಕಾವಲು. ಒಳಗೆ ಹೋದವರು ವರದಿ ಹೊರಬೀಳುವ ತನಕ ಹೊರಗೆ ಬರುವಂತಿಲ್ಲ. ಮದುವೆಯ ಮನೆಯಲ್ಲಿ ಹೋಳಿಗೆ ಮಾಡುವವರನ್ನು ಒಳಗಿಟ್ಟು ಬಾಗಿಲು ಹಾಕಿದಂತೆ ಎಂದು ನಗಬಹುದು. ಆದರೆ ಕೋಟ್ಯಂತರ ರೂಪಾಯಿಯ ವ್ಯಾಪಾರ ಆ ಬಾಗಿಲ ಹೊರಗೆ ಕಾದು ಕುಳಿತಿರುತ್ತದೆ.

ಸರಿ, ಒಳಗೆ ಕುಳಿತವರಿಗೆ ಅಂಕಿ ಎಲ್ಲಿಂದ ಬರುತ್ತದೆ? ಮೊದಲನೆಯದು ರೈತನ ಬಾಯಿಂದಲೇ. ಆಗಸ್ಟ್ ತಿಂಗಳು ಮೊದಲ್ಗೊಂಡು ನವೆಂಬರಿನ ವರೆಗೆ, "ನಿಮ್ಮ ಹೊಲದಲ್ಲಿ ಎಕರೆಗೆ ಎಷ್ಟು ನಿರೀಕ್ಷಿಸುತ್ತೀರಿ?" ಎಂದು ಸಾವಿರಾರು ರೈತರನ್ನು ಕೇಳುತ್ತಾರೆ. ಆಕಾಶದಲ್ಲಿ ತಿರುಗುವ ಉಪಗ್ರಹಗಳು ತೆಗೆದ ಚಿತ್ರಗಳನ್ನೂ ಈಗ ಜೊತೆಗಿಟ್ಟುಕೊಳ್ಳುತ್ತಾರೆ. ಆದರೆ ನಮಗೆ ಮೆಚ್ಚಿಕೆಯಾದದ್ದು ಮೂರನೆಯ ಮಾರ್ಗ. ಸೆಪ್ಟೆಂಬರಿನಿಂದ ಇಲಾಖೆಯ ಎಣಿಕೆದಾರರು ಚೀಟಿಯೆತ್ತಿದಂತೆ ಆರಿಸಿದ ಹೊಲಗಳಿಗೆ ಹೋಗುತ್ತಾರೆ. ಹೊಲದ ಮೂಲೆಯಿಂದ ಇಷ್ಟು ಸಾಲು ಅಡ್ಡಕ್ಕೆ, ಇಷ್ಟು ಹೆಜ್ಜೆ ಉದ್ದಕ್ಕೆ ನಡೆಯಬೇಕೆಂದು ಮೊದಲೇ ಬರೆದು ಕೊಟ್ಟಿರುತ್ತದೆ. ಹೆಜ್ಜೆ ಎಲ್ಲಿ ನಿಂತಿತೋ ಅಲ್ಲಿಯೇ ಅಳತೆ. ಪಕ್ಕದ ಗಿಡ ಸೊಂಪಾಗಿದೆಯೆಂದು ಅತ್ತ ಸರಿಯುವಂತಿಲ್ಲ, ಈ ಗಿಡ ಒಣಗಿದೆಯೆಂದು ಬಿಡುವಂತಿಲ್ಲ. ಹದಿನೈದಡಿ ಉದ್ದದ ಎರಡು ಸಾಲುಗಳನ್ನು ಗುರುತಿಸಿ, ದಂಟುಗಳನ್ನೂ ತೆನೆಗಳನ್ನೂ ಎಣಿಸಿ, ತೆನೆಯ ಉದ್ದವನ್ನೂ ಸುತ್ತನ್ನೂ ಅಳೆಯುತ್ತಾರೆ. ತಿಂಗಳಿಗೊಮ್ಮೆ ಅದೇ ಸ್ಥಳಕ್ಕೆ ಹೋಗಿ, ಕಡೆಯಲ್ಲಿ ಆ ತೆನೆಗಳನ್ನು ಕಿತ್ತು ತೂಗುತ್ತಾರೆ. ಕೊಯ್ಲಾದ ಮೇಲೆಯೂ ಕೆಲವು ಹೊಲಗಳಿಗೆ ಹಿಂದಿರುಗಿ, ಯಂತ್ರದ ಬಾಯಿಂದ ಜಾರಿ ನೆಲಕ್ಕೆ ಬಿದ್ದ ಕಾಳನ್ನು ಆಯ್ದು ಲೆಕ್ಕ ಹಾಕುವುದುಂಟು.

ಅಲ್ಲಿಯ ರೈತನು ತನ್ನ ಮಟ್ಟಿಗೆ ಇದಕ್ಕಿಂತ ಸುಲಭವಾದ ಲೆಕ್ಕವನ್ನು ಬಲ್ಲನು. ಮೂವತ್ತು ಅಂಗುಲದ ಸಾಲಿನಲ್ಲಿ ಹದಿನೇಳಡಿ ಐದಂಗುಲ ಅಳೆದರೆ ಎಕರೆಯ ಸಾವಿರದಲ್ಲೊಂದು ಪಾಲಾಯಿತು. ಅಷ್ಟರಲ್ಲಿ 30 ತೆನೆಗಳಿವೆ ಎನ್ನೋಣ. ತೆನೆಯ ಸುತ್ತ ಕಾಳಿನ ಸಾಲು 16, ಸಾಲಿಗೆ ಕಾಳು 34. ಮೂರನ್ನೂ ಗುಣಿಸಿ 90ರಿಂದ ಭಾಗಿಸಿದರೆ 181. ಎಕರೆಗೆ ಅಷ್ಟು ಬುಷೆಲ್. ಒಂದು ಬುಷೆಲ್ ಜೋಳಕ್ಕೆ ಸುಮಾರು ತೊಂಬತ್ತು ಸಾವಿರ ಕಾಳುಗಳೆಂಬುದು ಇದರ ಗುಟ್ಟು. ಬುಷೆಲ್ ಎಂದರೆ ಜೋಳದಲ್ಲಿ 25 ಕಿಲೋಗ್ರಾಮಿಗೆ ತುಸು ಮೇಲು. ಆದುದರಿಂದ ನಮ್ಮ ಲೆಕ್ಕದಲ್ಲಿ ಎಕರೆಗೆ 46 ಕ್ವಿಂಟಾಲು. ಮನೆಯ ಹಿತ್ತಿಲಲ್ಲಿ ಮುಸುಕಿನ ಜೋಳ ಹಾಕಿರುವವರು ಒಂದು ತೆನೆಯನ್ನು ಸುಲಿದು ಎಣಿಸಿ ನೋಡಲಿ. ಸುತ್ತಿನ ಸಾಲುಗಳು ಯಾವಾಗಲೂ ಸಮಸಂಖ್ಯೆಯಲ್ಲಿಯೇ ಇರುವುದನ್ನು ಕಂಡು ಮಕ್ಕಳು ಹಿಗ್ಗುವರು.

ಸೋಯಾ ಅವರೆಯು ಇಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಕ್ಕುವ ಬೆಳೆಯಲ್ಲ. ಜೋಳದ ಭವಿಷ್ಯ ಬಹುಮಟ್ಟಿಗೆ ಜುಲೈ ತಿಂಗಳಲ್ಲಿ, ಹೂಧೂಳಿಯು ತೆನೆಯ ರೇಷ್ಮೆಯೆಳೆಗಳ ಮೇಲೆ ಬೀಳುವ ಕೆಲವೇ ದಿನಗಳಲ್ಲಿ ನಿಶ್ಚಯವಾಗುತ್ತದೆ. ಒಂದೊಂದು ಎಳೆಗೆ ಒಂದೊಂದು ಕಾಳು. ಸೋಯಾ ಅಷ್ಟರೊಳಗೆ ಸೋಲುವುದಿಲ್ಲ. ಹೂ ಉದುರಿದರೆ ಮತ್ತೆ ಹೂ ಬಿಟ್ಟು, ಆಗಸ್ಟಿನ ಮಳೆಯೊಂದು ಬಂದರೆ ಕಾಯಿ ತುಂಬಿಕೊಂಡು, ಕೈಬಿಟ್ಟ ಬೆಳೆ ಕೈಗೆ ಬರುವುದುಂಟು. ಅದಕ್ಕಾಗಿಯೇ ಅದರ ಮುನ್ನಂದಾಜನ್ನು ಅನುಭವಿಗಳು ಅನುಮಾನದಿಂದಲೇ ನೋಡುವರು.

ಈಗ 46 ಕ್ವಿಂಟಾಲೆಂದು ಸುಲಭವಾಗಿ ಬರೆದೆವು. 1866ರಲ್ಲಿ ಲೆಕ್ಕವಿಡಲು ಮೊದಲು ಮಾಡಿದಾಗ ಅಮೆರಿಕದ ಸರಾಸರಿ ಎಕರೆಗೆ 24 ಬುಷೆಲ್, ಅಂದರೆ ಆರು ಕ್ವಿಂಟಾಲು ಮಾತ್ರ. ಎಪ್ಪತ್ತು ವರ್ಷಗಳ ತನಕ ಅದು ಹೆಚ್ಚುಕಡಮೆ ಅಲ್ಲಿಯೇ ನಿಂತಿತ್ತು. ಆ ದಿನಗಳಲ್ಲಿ ಜೋಳದ ಸೌಂದರ್ಯಸ್ಪರ್ಧೆಗಳು ನಡೆಯುತ್ತಿದ್ದವು. ನೋಡಲು ಅಂದವಾದ, ಒಂದೇ ಸಮನಾದ ತೆನೆಗೆ ಬಹುಮಾನ. ಅಯೋವಾ ಪ್ರಾಂತದಲ್ಲಿ ಹೆನ್ರಿ ವಾಲೆಸ್ ಎಂಬ ಹುಡುಗ, ಹದಿನಾರರ ಸುಮಾರಿನ ವಯಸ್ಸು, 1904ರಲ್ಲಿ ಇಂತಹ ತೆನೆಗಳ ಕಾಳುಗಳನ್ನು ಬೇರೆ ಬೇರೆಯಾಗಿ ಬಿತ್ತಿ, ಬೆಳೆದದ್ದನ್ನು ತೂಗಿ ನೋಡಿದನು. ಎಲ್ಲಕ್ಕಿಂತ ಅಂದವೆಂದು ಪಂಡಿತರು ಆರಿಸಿದ್ದ ತೆನೆ ಇಳುವರಿಯಲ್ಲಿ ಹಿಂದಿನ ಸಾಲಿಗೆ ಬಿದ್ದಿತು. ಅವನೇ ಮುಂದೆ 1926ರಲ್ಲಿ ಮಿಶ್ರತಳಿಯ ಜೋಳದ ಬೀಜದ ಕಂಪೆನಿಯನ್ನು ಹೂಡಿ, 1933ರಲ್ಲಿ ದೇಶದ ವ್ಯವಸಾಯ ಮಂತ್ರಿಯಾಗಿ, 1941ರಲ್ಲಿ ಉಪಾಧ್ಯಕ್ಷನೂ ಆದನು. 1933ರಲ್ಲಿ ಆ ದೇಶದ ಜೋಳದ ಭೂಮಿಯಲ್ಲಿ ನೂರಕ್ಕೆ ಒಂದು ಪಾಲಿಗೂ ಮಿಶ್ರತಳಿಯ ಬೀಜ ಬಿದ್ದಿರಲಿಲ್ಲ. 1940ರ ಹೊತ್ತಿಗೆ ಅಯೋವಾದಲ್ಲಿ ನೂರಕ್ಕೆ ತೊಂಬತ್ತು ಪಾಲು ಅದೇ. ಬೀಜದ ಹಿಂದೆ ರಾಸಾಯನಿಕ ಗೊಬ್ಬರ, ಒತ್ತಾದ ಬಿತ್ತನೆ, ಯಂತ್ರ ಎಲ್ಲವೂ ಬಂದವು. 2024ರ ಸರಾಸರಿ 179 ಬುಷೆಲ್ ಮೀರಿತು. ಸೋಯಾ ಅವರೆಯಲ್ಲಿ ಅದೇ ವರ್ಷ ಎಕರೆಗೆ 50 ಬುಷೆಲ್, ನಮ್ಮ ಹದಿಮೂರು-ಹದಿನಾಲ್ಕು ಕ್ವಿಂಟಾಲು. ಭಾರತದ ಸೋಯಾ ಸರಾಸರಿ ಎಕರೆಗೆ ನಾಲ್ಕೈದು ಕ್ವಿಂಟಾಲೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆದರೆ ಒಂದೇ ತಳಿಯನ್ನು ನಂಬಿದ್ದರ ಫಲವನ್ನೂ ಅವರು ಉಂಡಿದ್ದಾರೆ. 1970ರಲ್ಲಿ ಎಲೆಯಂಗಮಾರಿಯ ಒಂದು ಹೊಸ ಬಗೆ, ದೇಶದ ಬಹುಪಾಲು ಜೋಳದಲ್ಲಿ ಸಮಾನವಾಗಿದ್ದ ಒಂದೇ ವಂಶಗುಣವನ್ನು ಹಿಡಿದು ಹಬ್ಬಿ, ನೂರಕ್ಕೆ ಹದಿನೈದು ಪಾಲು ಬೆಳೆಯನ್ನು ತಿಂದುಹಾಕಿತು. ಹಿಂದಿನ ವರ್ಷ 86 ಬುಷೆಲ್ಲಿನ ಹತ್ತಿರವಿದ್ದ ಸರಾಸರಿ 72ಕ್ಕೆ ಇಳಿಯಿತು.

ಮುನ್ನಂದಾಜಿನವರ ಗರ್ವವನ್ನು ಮುರಿದದ್ದು 2012. ಆ ವಸಂತ ಬೆಚ್ಚಗಿತ್ತು. ರೈತರು ಬೇಗನೆ ಬಿತ್ತಿದರು. 1937ರಿಂದೀಚೆಗೆ ಅಷ್ಟು ಎಕರೆ ಜೋಳ ಬಿದ್ದಿರಲಿಲ್ಲ. ಮೇ ತಿಂಗಳಲ್ಲಿ ಇಲಾಖೆಯು ಎಕರೆಗೆ 166 ಬುಷೆಲ್ ಆದೀತೆಂದಿತು. ಜೂನಿನಲ್ಲಿ ಮಳೆ ಹೋಯಿತು. ಜುಲೈಯಲ್ಲಿ, ರೇಷ್ಮೆಯೆಳೆ ಹೊರಡುವ ಆ ದಿನಗಳಲ್ಲಿಯೇ, ಬಿಸಿಲು ಸುಟ್ಟಿತು. ಅಂಕಿ 146ಕ್ಕೆ ಇಳಿಯಿತು, ಆಗಸ್ಟಿನಲ್ಲಿ 123. ಕಟ್ಟಕಡೆಗೆ ನಿಂತದ್ದೂ ಅಲ್ಲಿಯೇ. ಮೇ ತಿಂಗಳ ಎಣಿಕೆಗೂ ಕಣದಲ್ಲಿ ಬಿದ್ದ ರಾಶಿಗೂ ವ್ಯತ್ಯಾಸ ಹತ್ತು ಕೋಟಿ ಟನ್ನು. ಆ ವರ್ಷ ಇಡೀ ಭಾರತದಲ್ಲಿ ಬೆಳೆದ ಮುಸುಕಿನ ಜೋಳದ ನಾಲ್ಕರಷ್ಟಕ್ಕೂ ಮಿಗಿಲು. ಬೆಲೆ ಬುಷೆಲ್ಲಿಗೆ ಎಂಟು ಡಾಲರನ್ನು ದಾಟಿತು. ಮೇ ತಿಂಗಳ ಅಂಕಿ ತಪ್ಪೆಂದು ಹೇಳಬಹುದೆ? ಅದು ಎಂದಿನ ಹವೆ ಇದ್ದರೆ ಇಷ್ಟು ಎಂಬ ಮಾತು. ಹವೆ ಎಂದಿನಂತಿರಲಿಲ್ಲ, ಅಷ್ಟೆ. ಆದರೆ ಅದನ್ನು ನೆಚ್ಚಿ ಮುಂಗಡವಾಗಿ ಮಾರಿದವನಿಗೆ ಈ ಸೂಕ್ಷ್ಮ ಏನು ಸಮಾಧಾನ ತಂದೀತು?

2019ರಲ್ಲಿ ಇದರ ವಿಪರೀತ. ವಸಂತದಲ್ಲಿ ಮಳೆ ಬಿಡದೆ ಹೊಯ್ದು, ಒಂದು ಕೋಟಿ ಎಕರೆಗೂ ಹೆಚ್ಚು ಭೂಮಿಯಲ್ಲಿ ಜೋಳ ಬಿತ್ತಲಾಗಲಿಲ್ಲ. ಬೆಳೆ ಕಡಮೆ, ಬೆಲೆಯಾದರೂ ಏರಲಿ ಎಂದು ರೈತರು ಕಾದಿದ್ದರು. ಆಗಸ್ಟ್ 12ರಂದು ಇಲಾಖೆ 169 ಬುಷೆಲ್ಲಿಗೂ ಮೇಲೆ ಹೇಳಿತು. ಒಂದು ದಿನಕ್ಕೆ ಎಷ್ಟು ಇಳಿಯಲು ನಿಯಮವುಂಟೋ ಅಷ್ಟೂ ಬೆಲೆ ಅಂದೇ ಇಳಿದು ನಿಂತಿತು. ರೈತರ ಸಿಟ್ಟು ಎಷ್ಟಕ್ಕೇರಿತೆಂದರೆ, ಬೆಳೆ ನೋಡಲು ಹೊರಟಿದ್ದ ಒಂದು ಪ್ರವಾಸದ ತಂಡದಿಂದ ಇಲಾಖೆಯು ಬೆದರಿಕೆಯ ಕರೆಯೊಂದರ ಕಾರಣ ತನ್ನ ನೌಕರರನ್ನು ಹಿಂದಕ್ಕೆ ಕರೆಸಿಕೊಂಡಿತು. ಕೊನೆಯ ಲೆಕ್ಕ 167 ಬುಷೆಲ್ ಚಿಲ್ಲರೆ. ಆಗಸ್ಟಿನ ಅಂಕಿಗಿಂತ ಕೊಂಚ ಕಡಮೆ, ರೈತರು ನಂಬಿದ್ದಕ್ಕಿಂತ ಹೆಚ್ಚು. ಅಂಕಿ ಬಹಳ ತಪ್ಪಿರಲಿಲ್ಲ. ಸಿಟ್ಟೂ ನಿಷ್ಕಾರಣವಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಬಿತ್ತಲಾಗದ ಹೊಲದ ಮುಂದೆ ನಿಂತವನಿಗೆ ದೇಶದ ಸರಾಸರಿಯಿಂದ ಆಗಬೇಕಾದುದೇನು?

ನಮ್ಮ ದೇಶದಲ್ಲಿ ಗೋದಿಯ ಮುನ್ನಂದಾಜು 1884ರಲ್ಲಿಯೇ ಮೊದಲಾಯಿತು. ಕಣ್ಣಳತೆಯ ಆಣೆಯನ್ನು ಬಿಟ್ಟು, ಚೀಟಿಯೆತ್ತಿದಂತೆ ಹೊಲವನ್ನಾರಿಸಿ ಕೊಯ್ದು ತೂಗುವ ಪದ್ಧತಿಯನ್ನು 1920ರ ದಶಕದಲ್ಲಿ ಬಿಹಾರ-ಒರಿಸ್ಸಾಗಳ ಭತ್ತದ ಗದ್ದೆಗಳಲ್ಲಿ ಹಬ್ಯಾಕ್ ಎಂಬ ಅಧಿಕಾರಿ ಮೊದಲು ನಡೆಯಿಸಿದನು. ತರುವಾಯ ಬಂಗಾಳದಲ್ಲಿ ಮಹಲನೋಬಿಸರೂ, ಭಾರತೀಯ ವ್ಯವಸಾಯ ಸಂಶೋಧನ ಮಂಡಲಿಯಲ್ಲಿ ಸುಖಾತ್ಮೆಯವರೂ ಅದನ್ನು ಬೆಳೆಸಿದರು. ಇಬ್ಬರಿಗೂ 1940ರ ದಶಕದಲ್ಲಿ ಒಂದು ದೊಡ್ಡ ವಾದ ನಡೆಯಿತು: ಕೊಯ್ಯುವ ತುಂಡು ಎಷ್ಟು ದೊಡ್ಡದಿರಬೇಕು? ತುಂಡು ಚಿಕ್ಕದಾದಷ್ಟೂ ಅಂಚಿನ ಗಿಡಗಳನ್ನು ಒಳಕ್ಕೆ ಸೇರಿಸಿಕೊಳ್ಳುವ ಚಪಲದಿಂದ ಇಳುವರಿ ಹೆಚ್ಚಾಗಿ ಕಾಣುವುದೆಂದು ಸುಖಾತ್ಮೆ ತೋರಿಸಿದರು. ಗೆರೆಯ ಮೇಲೆ ನಿಂತ ಒಂದು ಗಿಡ ಒಳಗಿನದೋ ಹೊರಗಿನದೋ ಎಂಬುದು ಹುಡುಗಾಟದ ಪ್ರಶ್ನೆಯಲ್ಲ.

ಏಕೆಂದರೆ ಇಂದು ಹಾವೇರಿ, ದಾವಣಗೆರೆಗಳ ಗೋವಿನ ಜೋಳದ ರೈತನಿಗೂ ಬೀದರದ ಸೋಯಾ ರೈತನಿಗೂ ಆ ಗೆರೆಯೇ ಗತಿ. 2016ರಲ್ಲಿ ಬಂದ ಪ್ರಧಾನಮಂತ್ರಿಗಳ ಫಸಲು ವಿಮೆಯಲ್ಲಿ, ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕಡಮೆಯೆಂದರೆ ನಾಲ್ಕು ಕಡೆ ಬೆಳೆ ಕಟಾವಿನ ಪ್ರಯೋಗ ನಡೆಯಬೇಕು. ಅದರ ಸರಾಸರಿಯನ್ನು ಹಿಂದಿನ ವರ್ಷಗಳಿಂದ ಗೊತ್ತುಮಾಡಿದ ಒಂದು ಮಟ್ಟದೊಡನೆ ಹೋಲಿಸುತ್ತಾರೆ. ಮಟ್ಟ ಎಕರೆಗೆ 20 ಕ್ವಿಂಟಾಲಿದ್ದು ಪ್ರಯೋಗದಲ್ಲಿ 15 ಬಂದರೆ, ವಿಮೆಯ ಮೊತ್ತದಲ್ಲಿ ಕಾಲುಭಾಗ ಪಂಚಾಯಿತಿಯ ವಿಮೆ ಮಾಡಿದ ರೈತರಿಗೆಲ್ಲ ಸಲ್ಲುವುದು. 20 ಬಂದರೆ ಏನೂ ಇಲ್ಲ, ತನ್ನ ಹೊಲ ಪೂರ್ತ ಒಣಗಿದ್ದವನಿಗೂ.

ಕೆಲವು ವರ್ಷಗಳ ಹಿಂದೆ ಹಾವೇರಿಯ ಕಡೆಯ ನಮ್ಮ ಬಂಧುಗಳ ಊರಿನಲ್ಲಿ ಇಂತಹದೊಂದು ಪ್ರಯೋಗವನ್ನು ಕಂಡಿದ್ದೆವು. ಆರಿಸಿದ ಹೊಲ ಊರಿನಲ್ಲೇ ನೀರಿನ ಆಸರೆಯಿದ್ದ ಕೆಲವೇ ಹೊಲಗಳಲ್ಲಿ ಒಂದು. ಹಗ್ಗ ಹಿಡಿದು ಐದು ಮೀಟರು ಉದ್ದ, ಐದು ಮೀಟರು ಅಗಲದ ಚೌಕವನ್ನು ಗುರುತಿಸಿದರು. ಬದುವಿನ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಯಾರೂ ಹೆಚ್ಚು ಮಾತಾಡಲಿಲ್ಲ. ತೆನೆ ಮುರಿದು, ಕಾಳು ಬಿಡಿಸಿ, ತಕ್ಕಡಿಗೆ ಹಾಕಿ, ಅಂಕಿಯನ್ನು ಮೊಬೈಲಿನಲ್ಲಿ ಬರೆದುಕೊಂಡು ಚಿತ್ರ ತೆಗೆದುಕೊಂಡರು. ಹೊಲದ ಯಜಮಾನನು ತನ್ನ ಪೈರು ಚೆನ್ನಾಗಿ ಬಂದುದಕ್ಕೆ ನಾಚಿದವನಂತೆ ತಲೆ ತಗ್ಗಿಸಿ ನಿಂತಿದ್ದನು. ಜನ ಒಬ್ಬೊಬ್ಬರಾಗಿ ಮನೆಯ ಕಡೆ ತಿರುಗಿದರು.