ನಾಪೋಕ್ಲಿನ ಮಳೆಗೆ ಮುಷ್ಕರ ಹೂಡುವ ಗುಳ್ಳೆಗಳು

ನಾಪೋಕ್ಲು: ಜೂನ್ ಬಂತೆಂದರೆ ಕೊಡಗಿನಲ್ಲಿ ಎರಡು ಬಾಗಿಲು ಒಟ್ಟಿಗೇ ತೆರೆದುಕೊಳ್ಳುತ್ತವೆ. ಒಂದು ಶಾಲೆಯದು, ಇನ್ನೊಂದು ಆಕಾಶದ್ದು. ಒಳಗೆ ಮೇಷ್ಟ್ರು, ಗಿಡಗಳು ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವ ಪಾಠ ತೆಗೆದರೆ, ಹೊರಗೆ ಬಿಸಿಲು ಗಂಟುಮೂಟೆ ಕಟ್ಟಿಕೊಂಡು ಘಟ್ಟ ಇಳಿದಿರುತ್ತದೆ. ಬೀಕರಿನಲ್ಲಿ ಹೈಡ್ರಿಲ್ಲಾ ಗಿಡ ಹಾಕಿ ಕಿಟಕಿ ಪಕ್ಕ ಇಟ್ಟು ಕಾದದ್ದೇ ಬಂತು. ಒಂದು ಪೀರಿಯಡ್ ಮುಗೀತು, ಎರಡು ಮುಗೀತು. ಬರಬೇಕಾದ ಗುಳ್ಳೆ ಬರಲಿಲ್ಲ.

ಆಗ ಒಂದು ಸುಲಭದ ದಾರಿ ಕಣ್ಣಿಗೆ ಬೀಳುತ್ತದೆ. ಗೈಡು ಬಿಚ್ಚಿ, ರೆಕಾರ್ಡು ಪುಸ್ತಕದಲ್ಲಿ 'ಗುಳ್ಳೆಗಳು ಬಂದವು, ಅನಿಲ ಸಂಗ್ರಹವಾಯಿತು, ಕಿಡಿ ಹೊತ್ತಿಕೊಂಡಿತು' ಅಂತ ಮುದ್ದಾಗಿ ಬರೆದು ಸಹಿ ಹಾಕಿಸಿಕೊಳ್ಳುವುದು. ಹತ್ತು ಅಂಕದ ಪೈಕಿ ಹತ್ತೂ ಬರುತ್ತದೆ. ಆದರೆ ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆಯುವ ಮೊದಲನೇ ಪಾಠವೂ ಅಲ್ಲೇ ಆಗಿಹೋಗುತ್ತದೆ. ಇದು ಯಾವುದೋ ಒಂದು ಶಾಲೆಯ ಮೇಲಿನ ದೂರಲ್ಲ. ಮಳೆ ಸುರಿಯುವ ಊರುಗಳಿಗೆಲ್ಲ ಎದುರಾಗುವ ಇಕ್ಕಟ್ಟು. ಇದರಿಂದ ಪಾರಾಗುವ ದಾರಿ ದುಬಾರಿಯದೇನೂ ಅಲ್ಲ, ನಾಪೋಕ್ಲು ಪೇಟೆಯ ದಿನಸಿ ಅಂಗಡಿಯಲ್ಲೇ ಸಿಗುತ್ತದೆ.

ಸಾಮಾನು ಪಟ್ಟಿ

ಅಗಲ ಬಾಯಿಯ ಒಂದು ಜಾಮ್ ಬಾಟಲಿ. ಒಂದು ಚಿಕ್ಕ ಪ್ಲಾಸ್ಟಿಕ್ ಆಲಿಕೆ. (ಸೀಮೆಎಣ್ಣೆ ಹೊಯ್ದದ್ದಾದರೆ ಸೋಪು ಹಾಕಿ ತೊಳೆಯಿರಿ, ಎಣ್ಣೆ ಗಿಡಕ್ಕೆ ವಿಷ.) ಒಂದು ಪ್ರನಾಳ. ಎರಡು ಚಿಟಿಕೆ ಅಡುಗೆ ಸೋಡಾ. ಒಂದು ಊದುಬತ್ತಿ. ಗಿಡಕ್ಕೆ ದುಡ್ಡು ಕೊಡಬೇಕಿಲ್ಲ, ನಿಂತ ನೀರಿನಲ್ಲಿ, ಕೆರೆಯ ಅಂಚಿನಲ್ಲಿ ಹುಡುಕಿದರೆ ಸಿಕ್ಕೀತು. ತೆಳ್ಳಗಿನ ಕಾಂಡ, ಸುತ್ತಲೂ ಸುತ್ತುಸುತ್ತಾಗಿ ಚಿಕ್ಕ ಎಲೆಗಳು, ಪೂರಾ ನೀರಿನಲ್ಲೇ ಮುಳುಗಿರುವ ಗಿಡ. ಮನೆಯಲ್ಲಿ ಮೀನಿನ ಗಾಜಿನ ತೊಟ್ಟಿ ಇಟ್ಟವರಿಗೆ ಇಂಥ ಗಿಡದ ಪರಿಚಯ ಇದ್ದೇ ಇರುತ್ತದೆ.

ಗಿಡದ ಕಾಂಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ಮೇಲೆ ಬರುವಂತೆ ಬಾಟಲಿಯಲ್ಲಿಡಬೇಕು. ಮೇಲೆ ಆಲಿಕೆಯನ್ನು ಬೋರಲು ಹಾಕಬೇಕು. ಆಲಿಕೆಯ ಕೊಳವೆ ನೀರಿನಲ್ಲಿ ಮುಳುಗಿರಬೇಕು. ಅದರ ಮೇಲೆ ನೀರು ತುಂಬಿದ ಪ್ರನಾಳವನ್ನು ಗಾಳಿ ಸೇರದ ಹಾಗೆ ತಲೆಕೆಳಗು ಮಾಡಿ ಕೂರಿಸಬೇಕು. ಇಷ್ಟು ಮಾಡಿ ನೀರಿಗೆ ಚಿಟಿಕೆ ಸೋಡಾ ಹಾಕಿ ಬಿಸಿಲಿಗಿಟ್ಟರೆ ಕತ್ತರಿಸಿದ ತುದಿಯಿಂದ ಗುಳ್ಳೆಗಳು ಮಣಿಸರದಂತೆ ಒಂದರ ಹಿಂದೊಂದು ಮೇಲೇಳುತ್ತವೆ. ಪ್ರನಾಳದ ನೀರು ನಿಧಾನವಾಗಿ ಕೆಳಗಿಳಿದು, ತುದಿಯಲ್ಲಿ ಅನಿಲ ಕೂಡಿಕೊಳ್ಳುತ್ತದೆ.

ಸೋಡಾ ಯಾಕೆ? ಗಿಡದ ಅಡುಗೆಗೆ ಬೇಕಾದ್ದು ಇಂಗಾಲದ ಡೈಆಕ್ಸೈಡು. ನೀರಿನಲ್ಲಿ ಅದು ಕಮ್ಮಿ ಇದ್ದರೆ ಅಡುಗೆ ಕುಂಟುತ್ತದೆ. ಅಡುಗೆ ಸೋಡಾ ಆ ಕೊರತೆ ತುಂಬುತ್ತದೆ. ಹಾಗಂತ ಗೋಲಿ ಸೋಡಾ ಸುರಿಯಬೇಡಿ ಸ್ವಾಮಿ! ಅದರ ಗುಳ್ಳೆ ಯಾವುದು, ಗಿಡದ ಗುಳ್ಳೆ ಯಾವುದು ಅಂತ ಗೊತ್ತಾಗದೆ ಲೆಕ್ಕವೆಲ್ಲ ಕಲಸಿಹೋಗುತ್ತದೆ.

ಒಂದೆರಡು ಗಂಟೆ ಕಳೆದು ಪ್ರನಾಳದ ಬಾಯಿಗೆ ಹೆಬ್ಬೆರಳು ಒತ್ತಿ ಹೊರತೆಗೆದು, ಕೆಂಡವಾಗಿರುವ ಊದುಬತ್ತಿಯ ತುದಿಯನ್ನು ಒಳಗೆ ಹಿಡಿದರೆ ಭಗ್ಗನೆ ಹೊಳೆಯಬೇಕು. ಅದು ಆಮ್ಲಜನಕದ ಗುರುತು. ಕೂಡಿದ್ದು ಶುದ್ಧ ಆಮ್ಲಜನಕವೇ ಆಗಿರುವುದಿಲ್ಲ, ನೀರಿನಲ್ಲಿದ್ದ ಬೇರೆ ಗಾಳಿಯೂ ಸೇರಿಕೊಂಡಿರುತ್ತದೆ. ಆದ್ದರಿಂದ ಜ್ವಾಲೆ ಏಳದೆ ಕೆಂಡ ಮಾತ್ರ ಪ್ರಖರವಾದರೆ ಪ್ರಯೋಗ ಕೆಟ್ಟಿತು ಅಂತ ಕೈಚೆಲ್ಲಬೇಕಾಗಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರಾಯಿತು.

ಒಂದು ಬಾಟಲಿ ಸಾಲದು

ಇಲ್ಲಿ ಒಂದು ಮೋಸ ಅಡಗಿದೆ. ರಾತ್ರಿ ಲೋಟದಲ್ಲಿಟ್ಟ ನೀರಿನ ಗೋಡೆಗೆ ಬೆಳಿಗ್ಗೆ ಸಣ್ಣ ಗುಳ್ಳೆಗಳು ಅಂಟಿರುವುದನ್ನು ಯಾರು ನೋಡಿಲ್ಲ? ಅಲ್ಲಿ ಗಿಡ ಎಲ್ಲಿತ್ತು? ನೀರು ಬೆಚ್ಚಗಾದರೆ ಅದರಲ್ಲಿ ಕರಗಿದ್ದ ಗಾಳಿ ಹೊರಬೀಳುತ್ತದೆ, ಅಷ್ಟೆ. ಗುಳ್ಳೆ ಎಂದರೆಲ್ಲ ಆಮ್ಲಜನಕ ಅಂತ ನಂಬಿದವನು ಇಲ್ಲಿ ಬೇಸ್ತು ಬೀಳುತ್ತಾನೆ.

ಅದಕ್ಕೇ ನಾಲ್ಕು ಬಾಟಲಿ ಇಡಬೇಕು. ಒಂದರಲ್ಲಿ ಗಿಡ, ಬಿಸಿಲು ಎರಡೂ. ಇನ್ನೊಂದರಲ್ಲಿ ಗಿಡ ಉಂಟು, ಆದರೆ ಬಾಟಲಿಗೆ ಕಪ್ಪು ಬಟ್ಟೆ ಸುತ್ತಿದೆ. ಮೂರನೆಯದಕ್ಕೆ ಬಿಸಿಲು ಉಂಟು, ಗಿಡ ಇಲ್ಲ. ನಾಲ್ಕನೆಯದರಲ್ಲಿ ಗಿಡವೂ ಉಂಟು ಬಿಸಿಲೂ ಉಂಟು, ಆದರೆ ನೀರು ಕುದಿಸಿ ಆರಿಸಿದ್ದು, ಸೋಡಾ ಇಲ್ಲ. ಕುದಿಸಿದಾಗ ಕರಗಿದ ಅನಿಲಗಳು ಹೊರಟುಹೋಗಿರುತ್ತವೆ. ಗುಳ್ಳೆಗಳ ಸರ ಮೊದಲನೆಯದರಲ್ಲಿ ಮಾತ್ರ ಕಂಡರೆ ಬೆಳಕು ಬೇಕು, ಗಿಡ ಬೇಕು, ಇಂಗಾಲದ ಡೈಆಕ್ಸೈಡು ಬೇಕು ಎಂಬ ಮೂರು ಮಾತೂ ಒಟ್ಟಿಗೆ ರುಜುವಾತಾಯಿತು. ವ್ಯಾಪಾರಿಗಳಿಗೆ ಇದು ಹೊಸದೇನಲ್ಲ. ತಕ್ಕಡಿಯ ಒಂದು ತಟ್ಟೆ ನೋಡಿ ತೂಕ ಹೇಳುವವನನ್ನು ಯಾರು ನಂಬುತ್ತಾರೆ? ಇನ್ನೊಂದು ತಟ್ಟೆಯಲ್ಲಿ ಬೊಟ್ಟು ಇರಲೇಬೇಕು.

ಮೋಡದ ದಿನ ಏನಾಗುತ್ತದೆ

ಹಾಗಾದರೆ ಜುಲೈ ತಿಂಗಳಲ್ಲಿ ನಾಪೋಕ್ಲಿನ ಗಿಡ ಉಪವಾಸವೋ? ಅಲ್ಲ. ಹೈಡ್ರಿಲ್ಲಾ ಮಂದ ಬೆಳಕಿನಲ್ಲೂ ಬದುಕುವ ಗಟ್ಟಿ ಜೀವ. ಮೋಡದ ದಿನವೂ ಅಷ್ಟಿಷ್ಟು ಆಮ್ಲಜನಕ ಮಾಡುತ್ತದೆ. ಆದರೆ ಆ ಚಿಲ್ಲರೆ ಸಂಪಾದನೆ ಸ್ವಂತ ಉಸಿರಾಟಕ್ಕೆ ಮತ್ತು ನೀರಿನಲ್ಲಿ ಕರಗುವುದಕ್ಕೇ ಖರ್ಚಾಗಿಹೋಗುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಉಳಿದರೆ ತಾನೆ ಎಣಿಸುವುದು? ವ್ಯಾಪಾರ ಜೋರಾದ ದಿನ, ಅಂದರೆ ಬಿಸಿಲಿನ ದಿನ ಮಾತ್ರ ಅದು ಗುಳ್ಳೆಯಾಗಿ ಕಣ್ಣಿಗೆ ಬೀಳುತ್ತದೆ. ಗುಳ್ಳೆ ಇಲ್ಲ ಎಂದರೆ ಕೆಲಸ ಇಲ್ಲ ಎಂದಲ್ಲ.

ಮಳೆಗಾಲದಲ್ಲೇ ಮಾಡಿ ತೋರಿಸಬೇಕೆಂದರೆ ಒಂದು ಪ್ರಕಾಶಮಾನವಾದ ಎಲ್‌ಇಡಿ ಬಲ್ಬು ಸಾಕು. ಕರೆಂಟು ಇದ್ದರೆ! ಬಲ್ಬನ್ನು ಬಾಟಲಿಯಿಂದ ಒಂದಡಿ ದೂರ ಇಟ್ಟು ಒಂದು ನಿಮಿಷಕ್ಕೆ ಎಷ್ಟು ಗುಳ್ಳೆ ಅಂತ ಎಣಿಸಿ, ಆಮೇಲೆ ಎರಡಡಿ ದೂರ ಸರಿಸಿ ಎಣಿಸಬೇಕು. ದೂರ ಎರಡು ಪಟ್ಟಾದರೆ ಗಿಡದ ಮೇಲೆ ಬೀಳುವ ಬೆಳಕು ಸರಿಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಗುಳ್ಳೆಯ ಲೆಕ್ಕವೂ ಬೀಳುವುದನ್ನು ಮಕ್ಕಳು ತಮ್ಮ ಬೆರಳಿನಲ್ಲೇ ಎಣಿಸಬಹುದು. ಪರೀಕ್ಷೆಗೆ ಬಾಯಿಪಾಠ ಮಾಡುವ ಕೆಲಸ ಅಷ್ಟರಮಟ್ಟಿಗೆ ತಪ್ಪುತ್ತದೆ.

ಬಿಸಿಲಿಗೆ ಕಾದ ಡಾಕ್ಟರು

ಈ ಗುಳ್ಳೆಯ ಕಥೆ ಹಳೆಯದು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಕೆಟ್ಟುಹೋದ ಗಾಳಿಯಲ್ಲಿ ಪುದೀನ ಗಿಡ ಇಟ್ಟ. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಮೇಣದಬತ್ತಿ ಮತ್ತೆ ಉರಿಯಿತು. ನೀರಿಗೆ ಅನಿಲ ತುಂಬಿ ಸೋಡಾ ಮಾಡುವ ಉಪಾಯ ತೋರಿಸಿದವನೂ ಇದೇ ಪುಣ್ಯಾತ್ಮ. ಆದರೆ ಪ್ರೀಸ್ಟ್ಲಿಯ ಪ್ರಯೋಗ ಒಮ್ಮೊಮ್ಮೆ ಫಲ ಕೊಡುತ್ತಿತ್ತು, ಒಮ್ಮೊಮ್ಮೆ ಕೈಕೊಡುತ್ತಿತ್ತು.

ಯಾಕೆ ಎಂಬುದನ್ನು ಬಿಡಿಸಿದವರು ಹಾಲೆಂಡಿನ ವೈದ್ಯ ಯಾನ್ ಇಂಗೆನ್‌ಹೌಸ್. 1779ರ ಬೇಸಿಗೆಯಲ್ಲಿ ಲಂಡನ್ ಸಮೀಪದ ಹಳ್ಳಿಮನೆಯೊಂದರಲ್ಲಿ ಕೂತು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ನೋಡಿದರು. ಬಿಸಿಲಿದ್ದಾಗ ಗುಳ್ಳೆ, ಕತ್ತಲಲ್ಲಿ ಇಲ್ಲ. ಹಸಿರು ಭಾಗಕ್ಕೆ ಮಾತ್ರ ಈ ವಿದ್ಯೆ ಗೊತ್ತು. ಬೆಳಕಿಲ್ಲದಾಗ ಗಿಡವೂ ನಮ್ಮ ಹಾಗೆ ಗಾಳಿ ಕೆಡಿಸುತ್ತದೆ. ಅದೇ ವರ್ಷ ಇದನ್ನೆಲ್ಲ ಪುಸ್ತಕ ಮಾಡಿದರು. ಪ್ರಯೋಗ ಕೈಕೊಟ್ಟಾಗ ಫಲಿತಾಂಶ ತಿದ್ದದೆ 'ಯಾಕೆ ಕೈಕೊಟ್ಟಿತು' ಅಂತ ಕೇಳಿದ್ದರಿಂದ ಸಿಕ್ಕ ಫಲ ಇದು. ಗುಳ್ಳೆಯ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡಿನಿಂದ ಅಲ್ಲ, ನೀರಿನಿಂದ ಎಂಬುದಕ್ಕೆ ನೇರ ಸಾಕ್ಷಿ ಸಿಗಲು 1941ರವರೆಗೆ ಕಾಯಬೇಕಾಯಿತು.

ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. ಕಲ್ಕತ್ತೆಯ ಜಗದೀಶಚಂದ್ರ ಬೋಸರು ಇದೇ ಹೈಡ್ರಿಲ್ಲಾ ಗಿಡ ಹಿಡಿದುಕೊಂಡು, ಅದು ಬಿಡುವ ಗುಳ್ಳೆಗಳನ್ನು ತಾನಾಗಿ ದಾಖಲು ಮಾಡುವ ಯಂತ್ರ ಕಟ್ಟಿದರು. ದ್ಯುತಿಸಂಶ್ಲೇಷಣೆಯ ಬಗ್ಗೆ ಅವರ ಪುಸ್ತಕ 1924ರಲ್ಲಿ ಬಂತು. ಬೇಸಿಗೆಯ ಹೈಡ್ರಿಲ್ಲಾ ಚಳಿಗಾಲದ ಹೈಡ್ರಿಲ್ಲಾದಂತೆ ವರ್ತಿಸುವುದಿಲ್ಲ, ಇಂಗಾಲದ ಡೈಆಕ್ಸೈಡು ಹಿಡಿಯುವ ಅದರ ರೀತಿಯೇ ಬೇರೆ ಎಂದು ಅವರು ಆಗಲೇ ಗುರುತಿಸಿದ್ದರು. ಎಷ್ಟೋ ದಶಕಗಳ ಮೇಲೆ ವಿದೇಶದ ವಿಜ್ಞಾನಿಗಳು ನೋಡಿದಾಗ ಅದು ನಿಜವೆಂದು ತಿಳಿಯಿತು. ಬಿಸಿ ಹೆಚ್ಚಾಗಿ, ನೀರಿನಲ್ಲಿ ಇಂಗಾಲದ ಡೈಆಕ್ಸೈಡು ಕಡಿಮೆಯಾದಾಗ ಈ ಗಿಡ ಜೋಳ, ಕಬ್ಬಿನ ಮಾದರಿಯ ಉಪಾಯಕ್ಕೆ ಬದಲಾಗುತ್ತದೆ. ಕೆರೆಯ ಕಳೆ ಅಂತ ಕಿತ್ತೆಸೆಯುವ ಗಿಡಕ್ಕೆ ಎಷ್ಟು ಬುದ್ಧಿ ನೋಡಿ!

ಆ ಬುದ್ಧಿಯೇ ಬೇರೆ ಕಡೆ ತಲೆನೋವಾಗಿದೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿದ ಹೈಡ್ರಿಲ್ಲಾ, ಅಲ್ಲಿನ ಕೆರೆ ಕಾಲುವೆಗಳನ್ನು ಮುಚ್ಚಿಹಾಕಿತು. ಪ್ರಯೋಗ ಮುಗಿದ ಮೇಲೆ ಗಿಡವನ್ನು ಸಿಕ್ಕ ಸಿಕ್ಕ ಕೆರೆಗೆ ಎಸೆಯದೆ ಒಣಗಿಸಿ ಗೊಬ್ಬರಕ್ಕೆ ಹಾಕುವುದೇ ಮೇಲು.

ಬಾಟಲಿಯಿಂದ ಹೊಳೆಗೆ

ಇಷ್ಟಕ್ಕೂ ಒಂದು ಗುಳ್ಳೆಯಿಂದ ಬಸ್ಸಿಗೆ ಕಾಯುವವನಿಗೆ ಏನಾಗಬೇಕು? ಆಗಬೇಕಾದ್ದು ಬಹಳ ಇದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇದ್ದರೆ, 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಹಿಡಿದುಕೊಳ್ಳುವುದು ಕೇವಲ 9 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಅದೂ ಕಮ್ಮಿ. ಮೀನು, ಏಡಿಗಳ ಸಂಸಾರ ಸಾಗಬೇಕಾದ್ದು ಈ ಬಡ ಬಂಡವಾಳದಲ್ಲೇ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಗೋಲು.

ತೋಟದ ಕೆರೆಗೆ ಮೀನು ಮರಿ ಬಿಟ್ಟವರನ್ನು ಕೇಳಿ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ರಾತ್ರಿಯಿಡೀ ಗಿಡಗಳೂ ಉಸಿರಾಡಿ ಆಮ್ಲಜನಕ ಖರ್ಚು ಮಾಡಿರುತ್ತವೆ, ಹೊಸ ಸಂಪಾದನೆ ಸೂರ್ಯ ಹುಟ್ಟಿದ ಮೇಲೆಯೇ. ಕಪ್ಪು ಬಟ್ಟೆ ಸುತ್ತಿದ ಬಾಟಲಿಯ ಪಾಠ ಇಲ್ಲಿ ಮೀನಿನ ಪ್ರಾಣದ ಪ್ರಶ್ನೆ.

ಹೊಳೆಯ ಲೆಕ್ಕ ಸ್ವಲ್ಪ ಬೇರೆ. ಭಾಗಮಂಡಲದ ಕಡೆಯಿಂದ ಇಳಿದು ಬರುವ ಕಾವೇರಿ, ಬಂಡೆಗಳ ಮೇಲೆ ಹಾರಿ ಬೀಳುವಾಗ ಗಾಳಿಯಿಂದಲೇ ಆಮ್ಲಜನಕ ಕಲೆಸಿಕೊಳ್ಳುತ್ತಾಳೆ. ಮಳೆಗಾಲದಲ್ಲಿ ಚೆರಿಯಪರಂಬು ರಸ್ತೆ ಮುಳುಗುವಷ್ಟು ಉಕ್ಕಿ ಹರಿಯುವ ಕೆಂಪು ನೀರಿನಲ್ಲಿ ಬೆಳಕು ಕೆಳಗಿಳಿಯದಿದ್ದರೂ ಓಟದ ನೀರಿಗೆ ಉಸಿರು ಇರುತ್ತದೆ. ಕಷ್ಟ ಬರುವುದು ಜನವರಿಯ ಮೇಲೆ. ಹರಿವು ಸಣ್ಣಗಾಗಿ ಗುಂಡಿಗಳಲ್ಲಿ ನೀರು ನಿಂತಾಗ, ಮುಳುಗಿದ ಗಿಡಗಳ ಗುಳ್ಳೆಗೂ ಬೆಲೆ ಬರುತ್ತದೆ.

ಅದೇ ಹೊತ್ತಿಗೆ ಕೊಡಗಿನಲ್ಲಿ ಕಾಫಿ ಕೊಯ್ಲು. ಹಣ್ಣನ್ನು ಪಲ್ಪ್ ಮಾಡಿ ತೊಳೆದ ನೀರಿನಲ್ಲಿ ಸಿಹಿ ಅಂಟು ತುಂಬಿರುತ್ತದೆ. ಅದು ಸಂಸ್ಕರಣೆ ಆಗದೆ ತೋಡಿಗೆ ಬಿದ್ದರೆ ಬ್ಯಾಕ್ಟೀರಿಯಗಳಿಗೆ ಹಬ್ಬದೂಟ. ಉಂಡವು ಉಸಿರಾಡಬೇಕಲ್ಲ? ನೀರಿನ ಆಮ್ಲಜನಕವೆಲ್ಲ ಅವುಗಳ ಪಾಲು. ಸ್ನಾನದ ನೀರಿನಲ್ಲಿ ಇಂಥ ಆಮ್ಲಜನಕದ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು ಎಂದಿದೆ. ಕಚ್ಚಾ ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಗಿಡ ಹಗಲಿಡೀ ಗುಳ್ಳೆ ಬಿಟ್ಟರೂ ಈ ಸಾಲ ತೀರುವಂಥದ್ದಲ್ಲ. ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ಮಹಶೀರ್ ಮೀನನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದು 2018ರಲ್ಲಿ. ಅದಕ್ಕೆ ಕಾರಣ ಹತ್ತಾರು ಇವೆ. ಉಸಿರುಗಟ್ಟಿದ ನೀರು ಆ ಮೀನಿಗೆ ಒಗ್ಗುವುದಿಲ್ಲ ಎಂಬುದಂತೂ ಖರೆ.

ಪಲ್ಪಿಂಗ್ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಹಂತ ಹಂತವಾಗಿ ಕೊಳೆಸಿ ಶುದ್ಧ ಮಾಡುವ ಕ್ರಮ ಬೆಳೆಗಾರರಿಗೆ ಗೊತ್ತಿರುವಂಥದ್ದೇ. ಅದನ್ನು ನೋಡಿಕೊಳ್ಳಲು ಕಾನೂನೂ ಇದೆ, ತಪಾಸಣೆಯ ಕಾಗದವೂ ಇದೆ. ಆದರೆ ಕಾಗದ ತುಂಬುವವನು ತೋಡಿನ ತನಕ ನಡೆದು ಬರಬೇಕು. ನೀರಿನಲ್ಲಿ ಬೆರಳದ್ದಿ, ಮೂಸಿ, ಅಳೆದು ಬರೆಯಬೇಕು.

ರೆಕಾರ್ಡು ಪುಸ್ತಕದ ಪ್ರಶ್ನೆ ದೊಡ್ಡದಾಗುವುದು ಇಲ್ಲೇ. ಎಂಟನೇ ಕ್ಲಾಸಿನಲ್ಲಿ ನೋಡದೆ 'ಗುಳ್ಳೆ ಬಂತು' ಅಂತ ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡವನು, ನಾಳೆ ಯಾವುದೋ ಮೇಜಿನ ಹಿಂದೆ ಕೂತು 'ನೀರು ಶುದ್ಧವಾಗಿದೆ' ಅಂತಲೂ ನೋಡದೆಯೇ ಬರೆದಾನು. 'ಮೋಡ ಇತ್ತು, ಅರ್ಧ ಗಂಟೆ ಕಾದೆವು, ಗುಳ್ಳೆ ಬರಲಿಲ್ಲ' ಅಂತ ಬರೆದ ಹುಡುಗಿಗೂ ಪೂರ್ತಿ ಅಂಕ ಸಿಗಬೇಕು. ಬಿಸಿಲು ಬಂದ ದಿನ ಅದೇ ಬಾಟಲಿಯನ್ನು ಅವಳ ಕೈಯಲ್ಲೇ ಮತ್ತೆ ಅಂಗಳಕ್ಕೆ ಇಡಿಸಿದರೆ, ಮಿಕ್ಕ ಪಾಠವನ್ನು ಗಿಡವೇ ಮಾಡುತ್ತದೆ.