ಎರಡು ಭಾಷೆಗೆ ಒಂದು ಕೊಂಡಿ

ಗಜೇಂದ್ರಗಡದ ಕಡೆಯವರಿಗೆ ಇಳಕಲ್ ಸೀರೆ ಹೊಸದಲ್ಲ. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಕೂಡಿಸ್ತಾರೆ. ಸಿ++ ಮತ್ತು ಫೋರ್ಟ್ರಾನ್ ಕೋಡ್‌ಗಳನ್ನು ಲಿಂಕರ್ ಕೂಡಿಸೋದೂ ಹೀಗೇ. ಆದರೆ ಅದು ನೋಡೋದು ಹೆಸರನ್ನು ಮಾತ್ರ.

ಸಿ++ ಕಂಪೈಲರ್ ಫಂಕ್ಷನ್ ಹೆಸರಿಗೆ ಆರ್ಗ್ಯುಮೆಂಟ್‌ಗಳ ಟೈಪ್ ಅಂಟಿಸುತ್ತದೆ. ಜಿಫೋರ್ಟ್ರಾನ್ ಸಾಮಾನ್ಯವಾಗಿ ಕೊನೆಗೊಂದು ಅಂಡರ್‌ಸ್ಕೋರ್ ಸೇರಿಸುತ್ತದೆ. ಸಿ++ನಲ್ಲಿ ಎಕ್ಸ್‌ಟರ್ನ್ "ಸಿ", ಫೋರ್ಟ್ರಾನ್‌ನಲ್ಲಿ 2003ರ ಸ್ಟ್ಯಾಂಡರ್ಡ್ ತಂದ ಬೈಂಡ್(ಸಿ) ಬರೆದರೆ ಎರಡೂ ಕಡೆ ಹೆಸರು ಒಂದೇ ಆಗುತ್ತದೆ.

ಇನ್ನು ಅಳತೆ. ಸಿ++ನ ಲಾಂಗ್ 64-ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4. ಆ ಜಾಗಕ್ಕೆ ಫೋರ್ಟ್ರಾನ್ 8 ಬೈಟ್ ಬರೆದರೆ ವಿಂಡೋಸ್‌ನಲ್ಲಿ ಪಕ್ಕದ ಮೆಮೊರಿ ಹಾಳು. ಲಿಂಕರ್ ಎರರ್ ಕೊಡಲ್ಲ. ಉತ್ತರ ಮಾತ್ರ ತಪ್ಪಾಗಬಹುದು. ಅದಕ್ಕೇ ಲಾಂಗ್ ಬಿಡಿ: ಸಿ++ನಲ್ಲಿ ಇಂಟ್64_ಟಿ, ಫೋರ್ಟ್ರಾನ್‌ನಲ್ಲಿ ಸಿ_ಇಂಟ್64_ಟಿ ಬಳಸಿ. ಪ್ರತಿ ಓಎಸ್‌ನಲ್ಲೂ ಬೇರೆಯಾಗಿ ಕಂಪೈಲ್ ಮಾಡಿ, ಟೆಸ್ಟ್ ಮಾಡಿ.